ಎರಡು ರೂಪಾಯಿ ಶ್ಯಾಂಪೂ ಸ್ಯಾಶೆ ತಗೊಂಡ್ರೆ ಆಗಲ್ವಾ?

ಊರಿಗೆ ಹೊರಟಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನನ್ನ ಬ್ಯಾಗಿನಲ್ಲಿರುವ ಹಳೇ ಬಾಟಲಿ ಕಣ್ಣಿಗೆ ಬಿದ್ದರೆ ಸಾಕು. ಹಿಂದೆಯೇ ಇನ್ನೊಂದು: "ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀಯ?"

ಆಗಲ್ಲ. ಇದರಲ್ಲಿ ಒದ್ದಾಟವೂ ಇಲ್ಲ. ಮನೆಯಲ್ಲಿರುವ ದೊಡ್ಡ ಬಾಟಲಿಯಿಂದ ಚಿಕ್ಕದಕ್ಕೆ ಶ್ಯಾಂಪೂ ಸುರಿಯಲು ಅರ್ಧ ನಿಮಿಷ ಸಾಕು. ನನ್ನದು ಕೆಮ್ಮಿನ ಸಿರಪ್ಪಿನ ಬಾಟಲಿ, 100 ಎಂ.ಎಲ್. ಹಿಡಿಯುತ್ತದೆ. ಆರು ವರ್ಷದಿಂದ ಅದೇ ಇದೆ.

"ವಿಮಾನದಲ್ಲಿ ಬಿಡಲ್ವಲ್ಲ" ಅನ್ನುತ್ತಾರೆ. ವಿದೇಶಕ್ಕೆ ಹೋಗುವಾಗ ಕೈಚೀಲದಲ್ಲಿನ ಬಾಟಲಿ 100 ಎಂ.ಎಲ್. ಮೀರಬಾರದು, ಅಷ್ಟೇ. ಅಂಗಡಿಯಿಂದ ಹೊಸದನ್ನೇ ತರಬೇಕು ಅಂತ ಯಾರೂ ಹೇಳಿಲ್ಲ. ಗಟ್ಟಿ ಸೋಪಿಗೆ ಆ ಲೆಕ್ಕವೂ ಇಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವರನ್ನಂತೂ ಯಾರು ತಡೆಯುತ್ತಾರೆ?

ಎರಡು ವರ್ಷದ ಹಿಂದೆ ಮಲ್ಲೇಶ್ವರದ ಒಂದು ಛತ್ರದಲ್ಲಿ ನಮ್ಮ ಕಡೆಯ ಮದುವೆ ಇತ್ತು. ಮುಹೂರ್ತದ ದಿನ ಬೆಳಗ್ಗೆ ಐದಕ್ಕೇ ಬಚ್ಚಲಲ್ಲಿ ನೀರು ಕಟ್ಟಿಕೊಂಡಿತು. ಕೆಲಸದ ಹುಡುಗ ಬಂದು ಜಾಲರಿ ಎತ್ತಿದ. ಮೊಣಕೈವರೆಗೂ ಕೈ ಇಳಿಸಿದ. ಹೊರಗೆ ತೆಗೆದಾಗ ಮುಷ್ಟಿ ತುಂಬ ಕೂದಲು ಸುತ್ತಿಕೊಂಡ ಖಾಲಿ ಸ್ಯಾಶೆಗಳು. ಹಲ್ಲಲ್ಲಿ ಕಚ್ಚಿ ಹರಿದ ಮೂಲೆ ಚೂರುಗಳು ಉಗುರಿನಷ್ಟೇ ಇದ್ದವು, ಅವನ ಬೆರಳಿಗೆ ಅಂಟಿಕೊಂಡಿದ್ದವು. "ಪ್ರತಿ ಮದುವೆಗೂ ಇದೇ ಅಕ್ಕ" ಅಂದ.

ಸ್ಯಾಶೆ ಬರೀ ಪ್ಲಾಸ್ಟಿಕ್ ಅಲ್ಲ. ಎರಡು ಮೂರು ಪದರ ಒಂದಕ್ಕೊಂದು ಅಂಟಿರುತ್ತವೆ, ಎಷ್ಟೋ ಸಲ ನಡುವೆ ಅಲ್ಯೂಮಿನಿಯಂ ಹಾಳೆಯೂ ಇರುತ್ತದೆ. ಅವನ್ನು ಬಿಡಿಸುವುದು ಕಷ್ಟ. ಅದಕ್ಕೇ ಗುಜರಿಯವರು ಮುಟ್ಟುವುದಿಲ್ಲ. ವಾರ್ಡಿನ ಒಣ ಕಸ ಕೇಂದ್ರಕ್ಕೆ ಹೋದರೂ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆ ಸೇರಿ ಉರಿಯುತ್ತದೆ. 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ಇಯರ್ ಬಡ್‌ನ ಪ್ಲಾಸ್ಟಿಕ್ ಕಡ್ಡಿ ಎಲ್ಲ ಕೇಂದ್ರ ಸರ್ಕಾರದ ನಿಷೇಧದ ಪಟ್ಟಿ ಸೇರಿದವು. ಶ್ಯಾಂಪೂ ಸ್ಯಾಶೆ ಮಾತ್ರ ಆ ಪಟ್ಟಿಗೆ ಬರಲೇ ಇಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ದಿನಗೂಲಿಯವರು ಸ್ಯಾಶೆ ಕೊಂಡರೆ ನಾನು ಒಂದು ಮಾತೂ ಆಡುವುದಿಲ್ಲ. ದೊಡ್ಡ ಬಾಟಲಿಗೆ ಒಂದೇ ಸಲ ದುಡ್ಡು ಹಾಕಲು ಅವರಿಗೆ ಆಗದಿರಬಹುದು. ನನ್ನ ಜಗಳ ಇರುವುದು ಮನೆಯಲ್ಲಿ ಲೀಟರ್ ಬಾಟಲಿ ಇಟ್ಟುಕೊಂಡು, ಎರಡು ದಿನದ ಪ್ರಯಾಣಕ್ಕೆ ಹತ್ತು ಸ್ಯಾಶೆ ತಗೊಳ್ಳುವ ನಮ್ಮಂಥವರ ಜೊತೆ.

"ಬಾಟಲಿ ಯಾಕೆ?" ಅಂತ ನನ್ನನ್ನು ಕೇಳುವ ಬದಲು "ಛತ್ರದವರು ಸ್ಯಾಶೆ ಯಾಕೆ ಇಡ್ತಾರೆ?" ಅಂತ ಕೇಳಬಹುದಿತ್ತು ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ದೊಡ್ಡ ಹೋಟೆಲ್‌ಗಳು ರೂಮಿನಲ್ಲಿ ಚಿಕ್ಕ ಬಾಟಲಿಗಳನ್ನು ಇಡುವಂತಿಲ್ಲ, ಅದು ಕಾನೂನು. ಇಲ್ಲಿ ನಾವು ಬಾಯಿಬಿಟ್ಟು ಕೇಳಬೇಕು.

ಮುಂದಿನ ತಿಂಗಳು ನಮ್ಮ ಅಕ್ಕನ ಮಗಳ ಮದುವೆ. ಮೊನ್ನೆ ಛತ್ರ ಬುಕ್ ಮಾಡುವಾಗ ಮ್ಯಾನೇಜರನ್ನು ಕೇಳಿದೆ, ಬಚ್ಚಲ ಗೋಡೆಗೆ ದೊಡ್ಡ ಶ್ಯಾಂಪೂ ಬಾಟಲಿ ಹಾಕಿಸ್ತೀರಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಎಷ್ಟು ಬೇಕು ಅಂತ ಕೇಳಿದರು. ಹನ್ನೆರಡು ಅಂದೆ.