ಕಟ್ಟಡ ಉಳಿಯಿತು, ಸಂಜೆಯ ತರಗತಿ?

ಮ್ಯಾಂಚೆಸ್ಟರಿನ ಪಿಕಡಿಲಿ ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿರುವ ಸ್ಯಾಕ್‌ವಿಲ್ ಸ್ಟ್ರೀಟಿನ ಹಳೆಯ ವಿಶ್ವವಿದ್ಯಾಲಯದ ಆವರಣವನ್ನು ಹೊಸದಾಗಿ ರೂಪಿಸುವ ಯೋಜನೆ ಕೆಲವು ವರ್ಷಗಳಿಂದ ನಡೆಯುತ್ತಿದೆ. ಅದರ ವಿವರಗಳಿದ್ದ ಹಾಳೆಗಳನ್ನು ಈಚೆಗೆ ನಮ್ಮ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರಿಗೆ ಓದಲು ಕೊಟ್ಟಿದ್ದೆ. ಎಂಬತ್ತು ದಾಟಿದ ಅವರು ಒಂದು ಸಾಲನ್ನೂ ಬಿಡದೆ ಓದಿ, "ಬೆಳಿಗ್ಗೆ ಬರುವವರಿಗೆ ಇದರಲ್ಲಿ ಎಲ್ಲವೂ ಇದೆ. ಸಂಜೆ ಆರಕ್ಕೆ ಬರುವವರಿಗೆ ಏನಿದೆ?" ಎಂದು ಕೇಳಿದರು. ಹಳೆಯ ಕಟ್ಟಡವನ್ನು ಕೆಡವುತ್ತಾರೋ ಉಳಿಸುತ್ತಾರೋ ಎಂದು ಅವರು ವಿಚಾರಿಸಬಹುದೆಂದು ಎಣಿಸಿದ್ದ ನನಗೆ ಈ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅವರ ತಂದೆ ಟ್ರಾಫರ್ಡ್ ಪಾರ್ಕಿನ ಮೆಟ್ರೊಪಾಲಿಟನ್-ವಿಕರ್ಸ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಹಗಲು ಕಾರ್ಖಾನೆ, ಸಂಜೆ ಇದೇ ಸ್ಯಾಕ್‌ವಿಲ್ ಸ್ಟ್ರೀಟಿನ ಕೆಂಪು ಕಟ್ಟಡದಲ್ಲಿ ತರಗತಿ. ಊರಿನವರ ಬಾಯಲ್ಲಿ ಅದು ಇವತ್ತಿಗೂ 'ಟೆಕ್'. ಅದರ ಛಾವಣಿಯ ಮೇಲಿರುವ ಗಾಡ್ಲಿ ವೀಕ್ಷಣಾಲಯಕ್ಕೆ ಸುರುಳಿ ಮೆಟ್ಟಿಲು ಹತ್ತಿಸಿ ತಂದೆ ತಮಗೆ ಶನಿಗ್ರಹವನ್ನು ತೋರಿಸಿದ್ದನ್ನು ಅವರು ಈಗಲೂ ಹೇಳುತ್ತಾರೆ. ಆ ವೀಕ್ಷಣಾಲಯದ ಗುಮ್ಮಟ ಕಾಗದದ ಪಲ್ಪಿನಿಂದ ಮಾಡಿದ್ದು ಎಂದರೆ ನಮ್ಮಲ್ಲಿ ಯಾರೂ ನಂಬಲಾರರು. ಮಳೆಗೇ ಹೆಸರಾದ ಈ ಊರಿನಲ್ಲಿ ಅದು ನೂರು ವರ್ಷಕ್ಕೂ ಮಿಕ್ಕಿ ನಿಂತಿದೆ.

ಸಂಜೆಯ ಪಾಠವೆಂಬುದು ಈ ಸಂಸ್ಥೆಯಲ್ಲಿ ಆಮೇಲೆ ಸೇರಿಸಿಕೊಂಡ ಸೌಲಭ್ಯವಲ್ಲ. ಸಂಸ್ಥೆ ಹುಟ್ಟಿದ್ದೇ ಅದಕ್ಕಾಗಿ. 1824ರಲ್ಲಿ ಬ್ರಿಜ್‌ವಾಟರ್ ಆರ್ಮ್ಸ್ ಎಂಬ ವಸತಿಗೃಹದಲ್ಲಿ ಸೇರಿದ ಬ್ಯಾಂಕರುಗಳು, ಯಂತ್ರ ತಯಾರಕರು ಮತ್ತು ಕಾರ್ಖಾನೆಯ ಮಾಲೀಕರು ಕೈಕೆಲಸದವರಿಗೆ ಅವರವರ ಕಸುಬಿನ ಹಿಂದಿರುವ ವಿಜ್ಞಾನವನ್ನು ಕಲಿಸಬೇಕೆಂದು ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಶನ್ ಸ್ಥಾಪಿಸಿದರು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಕೂಡ ಅವರ ಜೊತೆಗಿದ್ದರು. ದುಡಿದು ಬಂದವನಿಗೆ ಬಿಡುವಾಗುವುದೇ ಸಂಜೆಯಾದ್ದರಿಂದ ಪಾಠಗಳೂ ಸಂಜೆಯೇ ನಡೆಯಬೇಕಾಯಿತು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟವಾದ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ 1868ರಲ್ಲಿ ಮೊದಲ ಬಾರಿಗೆ ಸಭೆ ಸೇರಿದ್ದು ಈ ಸಂಸ್ಥೆಗೆಂದು ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಕಟ್ಟಿದ್ದ ಮನೆಯಲ್ಲಿ. ಮುಂದೆ 1892ರಲ್ಲಿ ಸಂಸ್ಥೆಯನ್ನು ನಗರಸಭೆಯೇ ವಹಿಸಿಕೊಂಡಿತು. ಸ್ಯಾಕ್‌ವಿಲ್ ಸ್ಟ್ರೀಟಿನ ಈ ಭಾರಿ ಕಟ್ಟಡ ಆ ಕಾಲದ್ದು. 1902ರಲ್ಲಿ ಆಗಷ್ಟೇ ಪ್ರಧಾನಿಯಾಗಿದ್ದ ಆರ್ಥರ್ ಬಾಲ್ಫರ್ ಇದನ್ನು ಉದ್ಘಾಟಿಸಿದರು. ಇಟ್ಟಿಗೆ ಮತ್ತು ಟೆರಾಕೋಟಾದ ಆ ಅರಮನೆಯಂಥ ಗೋಡೆಗಳಲ್ಲಿ ಊರಿನ ತೆರಿಗೆದಾರರ ಹಣವಿದೆ ಎಂಬುದು ನಮ್ಮ ನೆರೆಯವರ ಪ್ರಶ್ನೆಗೆ ಬಲ ಕೊಡುವ ಸಂಗತಿ. ಪರಮಾಣುವನ್ನು ಒಡೆದುದಕ್ಕಾಗಿ 1951ರಲ್ಲಿ ನೊಬೆಲ್ ಪಡೆದ ಜಾನ್ ಕಾಕ್‌ಕ್ರಾಫ್ಟ್ ಇಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿತವರು, ಮೆಟ್ರೊಪಾಲಿಟನ್-ವಿಕರ್ಸ್‌ನಲ್ಲಿ ಅಪ್ರೆಂಟಿಸ್ ಆಗಿದ್ದವರು. 1966ರಲ್ಲಿ ಕಾಲೇಜಿಗೆ ಯುಮಿಸ್ಟ್ ಎಂಬ ಹೆಸರು ಬಂತು, 2004ರಲ್ಲಿ ಅದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು, ಈಚಿನ ವರ್ಷಗಳಲ್ಲಿ ಎಂಜಿನಿಯರಿಂಗ್ ವಿಭಾಗಗಳೆಲ್ಲ ಆಕ್ಸ್‌ಫರ್ಡ್ ರಸ್ತೆಯ ಕಡೆಯ ಹೊಸ ಕಟ್ಟಡಕ್ಕೆ ಹೋದವು. ನಗರದ ನಟ್ಟನಡುವೆ ಇಷ್ಟು ದೊಡ್ಡ ಜಾಗ ಬಿಡುವಾದದ್ದು ಹೀಗೆ.

ವಿಶ್ವವಿದ್ಯಾಲಯವು 2021ರಲ್ಲಿ ಬ್ರಂಟ್‌ವುಡ್ ಸೈಟೆಕ್ ಎಂಬ ಸಂಸ್ಥೆಯನ್ನು ಪಾಲುದಾರನನ್ನಾಗಿ ಆರಿಸಿಕೊಂಡಿತು. ಯೋಜನೆಯ ಮೊತ್ತ 1.7 ಶತಕೋಟಿ ಪೌಂಡ್. ಹೊಸ ಉದ್ದಿಮೆಗಳಿಗೆ ಪ್ರಯೋಗಾಲಯ ಮತ್ತು ಕಚೇರಿ, ಸುಮಾರು 1500 ಮನೆಗಳು, ನಡೆದಾಡಲು ಹಸಿರು ಜಾಗ, ಎಲ್ಲವೂ ಅದರಲ್ಲಿವೆ. 1962ರ ರೆನಾಲ್ಡ್ ಕಟ್ಟಡವನ್ನು ಕೆಡವದೆ ನವೀಕರಿಸಿ 2024ರಲ್ಲಿ ಹೊಸ ಕಂಪನಿಗಳಿಗೆ ತೆರೆದರು. ಅದೇ ವರ್ಷ ಇಡೀ ಪ್ರದೇಶಕ್ಕೆ 'ಸಿಸ್ಟರ್' ಎಂದು ಹೆಸರಿಟ್ಟರು. ಇವರ ಎಚ್ಚರವನ್ನು ಮೆಚ್ಚದಿರುವುದು ಅನ್ಯಾಯವಾದೀತು. ಸ್ಯಾಕ್‌ವಿಲ್ ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿ ದಶಕಗಳೇ ಆದವು. ಅದು ಹೋಗಲಿ, ಲಂಡನ್ ರಸ್ತೆಯ ವಾಹನಗಳ ಸದ್ದು ತಡೆಯಲೆಂದು 1968ರಲ್ಲಿ ಶಿಲ್ಪಿ ಆಂಟನಿ ಹಾಲವೇ ರೂಪಿಸಿದ ಉಬ್ಬುತಗ್ಗಿನ ಕಾಂಕ್ರೀಟ್ ಗೋಡೆಗೂ 2011ರಿಂದ ಕಾನೂನಿನ ರಕ್ಷಣೆಯಿದೆ. ಮಳೆಯಲ್ಲಿ ನೆನೆದಾಗ ಆ ಗೋಡೆಯನ್ನು ಸುಂದರವೆನ್ನಲು ನನಗಂತೂ ಬಾಯಿ ಬರುವುದಿಲ್ಲ. ಆದರೂ ಅದರ ತಂಟೆಗೆ ಹೋಗಬೇಕಾದರೆ ಯಾರೇ ಆಗಲಿ ಅನುಮತಿ ಪಡೆಯಬೇಕು.

ಇದನ್ನು ಬರೆಯುವಾಗ ಮೈಸೂರು ನೆನಪಾಗದಿರಲು ಸಾಧ್ಯವಿಲ್ಲ. ಪಾರಂಪರಿಕ ನಗರವೆಂದು ನಾವು ಹೆಮ್ಮೆಯಿಂದ ಕರೆಯುವ ಆ ಊರಿನಲ್ಲಿ 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ, ರಸಾಯನಶಾಸ್ತ್ರದ ಪ್ರಯೋಗಾಲಯವಿದ್ದ ಕಡೆ, ಕುಸಿದು ಬಿತ್ತು. ಅಪಾಯವನ್ನರಿತು ಒಳಗಿದ್ದವರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ ಜೀವಹಾನಿಯಾಗಲಿಲ್ಲ. ಮಳೆಯ ಮೇಲೆ ತಪ್ಪು ಹೊರಿಸಿ ನಾವು ಸುಮ್ಮನಾಗಬಹುದು. ಆದರೆ ಮ್ಯಾಂಚೆಸ್ಟರಿನಲ್ಲಿ ವರ್ಷವಿಡೀ ಮಳೆ ಸುರಿಯುವುದನ್ನು ಕಂಡ ಮೇಲೆ ನನಗೆ ಆ ಸಮಾಧಾನ ಒಗ್ಗುವುದಿಲ್ಲ. ವರ್ಷಕ್ಕೊಮ್ಮೆ ಛಾವಣಿ ಹತ್ತಿ ನೀರು ಹೋಗುವ ದಾರಿಯನ್ನು ಬಿಡಿಸಿ ಕೊಡುವವನಿಗೆ ಸಂಬಳ ಕೊಡುವ ವ್ಯವಸ್ಥೆ ಇದ್ದರೆ ಎಷ್ಟೋ ಗೋಡೆಗಳು ಉಳಿಯುತ್ತವೆ, ಮತ್ತು ನಮ್ಮ ಆಯವ್ಯಯದಲ್ಲಿ ಹೊಸ ಕಟ್ಟಡದ ಶಂಕುಸ್ಥಾಪನೆಗೆ ಸಿಗುವ ಹಣ ಈ ಕೆಲಸಕ್ಕೆ ಸಿಗುವುದಿಲ್ಲ.

ಹಾಗಿದ್ದರೂ ನಮ್ಮವರು ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ, ಅದು ಯೋಚಿಸಿ ಮಾಡಿದ್ದೋ ಯೋಚಿಸದೆ ಉಳಿದದ್ದೋ ಹೇಳಲಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮೂಲ 1858ಕ್ಕೆ ಹೋಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ ಆ ಕಾಲೇಜು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಲು ಆಧಾರವಾಯಿತು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಹೋಯಿತು. 2017ರಲ್ಲಿ ಅದು ಮೂರಾದಾಗ ಮೂರರಲ್ಲೊಂದು ಮತ್ತೆ ಅದೇ ಹಳೆಯ ಆವರಣದಲ್ಲಿ ನೆಲೆಗೊಂಡಿತು. ವಿಧಾನಸೌಧಕ್ಕೆ ಅಷ್ಟು ಹತ್ತಿರ, ಬಾಗಿಲಲ್ಲೇ ಮೆಟ್ರೊ ನಿಲ್ದಾಣ. ಅಲ್ಲಿಯ ಒಂದೊಂದು ಅಡಿ ನೆಲದ ಮೇಲೂ ಯಾರ ಕಣ್ಣಾದರೂ ಬೀಳುವಂಥದ್ದೇ. ಆದರೂ ಅಲ್ಲಿ ಇಂದಿಗೂ ಪಾಠ ನಡೆಯುತ್ತಿದೆ.

ಅಲ್ಲಿಂದ ತುಸು ದೂರದ ಕೆ.ಆರ್. ವೃತ್ತದಲ್ಲಿರುವ ಯುವಿಸಿಇ, ಅಂದರೆ ವಿಶ್ವೇಶ್ವರಯ್ಯನವರೇ 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು, ನಮ್ಮ ಮನೆಯ ಮಟ್ಟಿಗೆ ನನ್ನ ಸೋದರಮಾವನ ಕಾಲೇಜು. ಡಿಪ್ಲೊಮಾ ಮುಗಿಸಿ ದೂರವಾಣಿ ನಗರದ ಐಟಿಐ ಕಾರ್ಖಾನೆಗೆ ಸೇರಿದ್ದ ಮಾವ, ಪಾಳಿ ಮುಗಿದೊಡನೆ ಎಣ್ಣೆ ಮೆತ್ತಿದ ಅಂಗಿಯನ್ನು ಬದಲಿಸಿ ಬಸ್ಸು ಹಿಡಿದು ಅಲ್ಲಿಯ ಸಂಜೆಯ ಬಿ.ಇ. ತರಗತಿಗೆ ಹೋಗುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ನಾವು ಮಕ್ಕಳು ಮಲಗಿರುತ್ತಿದ್ದೆವು. ಅಜ್ಜಿ ಮಾತ್ರ ಊಟ ಮುಚ್ಚಿಟ್ಟು ಕಾಯುತ್ತಿದ್ದರು. ಮಾವನ ಸಹಪಾಠಿಗಳಲ್ಲಿ ವಿದ್ಯುತ್ ಮಂಡಳಿಯವರಿದ್ದರು, ಲೋಕೋಪಯೋಗಿ ಇಲಾಖೆಯವರಿದ್ದರು, ತಲೆ ನರೆತವರೂ ಇದ್ದರು. ಕಟ್ಟಡ ಕಲ್ಲಿನದ್ದೋ ಇಟ್ಟಿಗೆಯದ್ದೋ ಎಂದು ಅವರಲ್ಲಿ ಯಾರಾದರೂ ನೋಡಿದ್ದರೋ ಇಲ್ಲವೋ. ಬಸ್ಸು ನೇರವಾಗಿ ಅಲ್ಲಿಗೆ ಬರುತ್ತಿತ್ತು, ಅದು ಮುಖ್ಯವಾಗಿತ್ತು. ಊರ ನಡುವಿನ ವಿಶ್ವವಿದ್ಯಾಲಯಕ್ಕೂ ಊರಾಚೆಯ ವಿಶಾಲವಾದ ಕ್ಯಾಂಪಸ್ಸಿಗೂ ಇರುವ ನಿಜವಾದ ವ್ಯತ್ಯಾಸ ಇಷ್ಟೇ ಎಂದು ನನಗೀಗ ಅನ್ನಿಸುತ್ತದೆ: ಪಾಳಿ ಮುಗಿಸಿದವನು ಮೊದಲನೆಯ ಪಾಠಕ್ಕೆ ಹೊತ್ತಿಗೆ ಸರಿಯಾಗಿ ತಲುಪಬಲ್ಲ.

ಇಲ್ಲಿಯ ವಿಶ್ವವಿದ್ಯಾಲಯವನ್ನೇ ದೂರುವುದೂ ಸರಿಯಲ್ಲ. ಇಂಗ್ಲೆಂಡಿನಲ್ಲಿ 2012ರಲ್ಲಿ ಪೂರ್ಣಾವಧಿಯ ಪದವಿಯ ವಾರ್ಷಿಕ ಶುಲ್ಕದ ಮಿತಿ 9,000 ಪೌಂಡಿಗೆ ಏರಿತು, ಅರೆಕಾಲಿಕ ಓದಿನ ಶುಲ್ಕವೂ ಅದರ ಬೆನ್ನಿಗೇ ಏರಿತು. ಮನೆ ಮತ್ತು ಮಕ್ಕಳಿರುವ ವಯಸ್ಕರು ಅಂಥ ಸಾಲಕ್ಕೆ ಹೆದರಿ ಹಿಂದೆ ಸರಿದರು, ಅರೆಕಾಲಿಕ ವಿದ್ಯಾರ್ಥಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಅಂದರೆ ಸಂಜೆಯ ವಿದ್ಯಾರ್ಥಿಯನ್ನು ಹೊರಗಿಟ್ಟದ್ದು ಸ್ಯಾಕ್‌ವಿಲ್ ಸ್ಟ್ರೀಟಿನ ನಕ್ಷೆಯಲ್ಲ. ನಕ್ಷೆ ಬರೆಯುವ ಹೊತ್ತಿಗೆ ಅವನು ಆಗಲೇ ಮನೆಯಲ್ಲಿ ಕುಳಿತಾಗಿತ್ತು. ಆದರೆ ಹತ್ತು ಸಾವಿರ ಉದ್ಯೋಗ ಸೃಷ್ಟಿಯಾಗುತ್ತದೆಂದು ಹೇಳಿಕೊಂಡ ಯೋಜನೆಯೊಂದು, ಆ ಉದ್ಯೋಗಗಳಿಗೆ ಇದೇ ಊರಿನ ಫಿಟ್ಟರನ ಮಗಳು ಯಾವ ದಾರಿಯಿಂದ ಬರಬೇಕೆಂಬುದನ್ನೂ ಹೇಳಬೇಕಲ್ಲವೇ? ಬಾಡಿಗೆ ತೆರುವ ಕಂಪನಿಗಳಿಗೆ ಕೊಡುವ ಜಾಗದಲ್ಲಿ ಕಲಿಯುವವರಿಗೂ ಒಂದಿಷ್ಟನ್ನು ಕರಾರಿನಲ್ಲೇ ಬರೆದಿಡಲು ಸಾಧ್ಯವಿದೆ. ಮನೆ ಕಟ್ಟುವವರಿಗೆ ಇಷ್ಟು ಮನೆಗಳನ್ನು ಅಗ್ಗದ ದರಕ್ಕೆ ಕೊಡಿ ಎಂದು ಇಲ್ಲಿಯ ನಗರಸಭೆಗಳು ಷರತ್ತು ಹಾಕುವುದಿಲ್ಲವೇ?

ನೆರೆಯವರ ಬೇಡಿಕೆ ಇದಕ್ಕಿಂತ ಸಣ್ಣದು. ಇಡೀ ಕಟ್ಟಡ ಬೇಡ, ಎರಡು ಕೋಣೆ ಮತ್ತು ಒಂದು ಕಾರ್ಯಾಗಾರ ಸಾಕು, ರಾತ್ರಿ ಒಂಬತ್ತರವರೆಗೆ ದೀಪ ಇರಬೇಕು ಎನ್ನುತ್ತಾರೆ. ಇದನ್ನೆಲ್ಲ ಭಾನುವಾರ ಮಾವನಿಗೆ ಫೋನಿನಲ್ಲಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಮಾವ, "ಅವರಿಗೆ ಹೇಳಪ್ಪ, ಕ್ಯಾಂಟೀನನ್ನು ಮರೆತಿದ್ದಾರೆ. ಕಾರ್ಖಾನೆಯಿಂದ ನೇರವಾಗಿ ಬಂದವನಿಗೆ ಹೊಟ್ಟೆಗೆ ಏನೂ ಬೀಳದೆ ಥರ್ಮೊಡೈನಮಿಕ್ಸ್ ತಲೆಗೆ ಹತ್ತುವುದಿಲ್ಲ" ಎಂದರು.