ಆಟದ ಕಾರಿಗೆ ಸ್ಪೀಡ್ ಕಂಟ್ರೋಲ್: ಮೊದಲು ಚಕ್ರ ಹಿಡಿದು ಕರೆಂಟ್ ನೋಡಿ

ಬದಿಯಡ್ಕದಲ್ಲಿ ನನ್ನದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇನ್ವರ್ಟರ್ ಜೊತೆಗೆ ಈಗ ಮಕ್ಕಳು ಕೂತು ಓಡಿಸುವ ಬ್ಯಾಟರಿ ಕಾರುಗಳೂ ಬರುತ್ತವೆ. ಹೆಚ್ಚಿನವರು ಹೇಳುವುದು ಒಂದೇ ಮಾತು: "ಕಾಲಿಟ್ಟ ಕೂಡಲೇ ಹಾರ್ತದೆ ಅಣ್ಣ, ಸ್ವಲ್ಪ ನಿಧಾನ ಮಾಡಿ ಕೊಡಿ." ನಮ್ಮ ಕಡೆ ಗುಡ್ಡ ಕಡಿದು ಕಟ್ಟಿದ ಮನೆಗಳೇ ಜಾಸ್ತಿ. ಅಂಗಳ ದಾಟಿದರೆ ತೋಟಕ್ಕೆ ಇಳಿಜಾರು. ಮೂರು ವರ್ಷದ ಮಗು ಕೂತ ಕಾರು ಹಾರಬಾರದು. ಹಾಗಾಗಿ ಇದನ್ನು ನಾನು ಸಣ್ಣ ಕೆಲಸ ಅಂದುಕೊಳ್ಳುವುದಿಲ್ಲ.

ಐಟಿಐ ಮುಗಿಸಿ ಅಂಗಡಿಗೆ ಕಲಿಯಲು ಬರುವ ಹುಡುಗರು ಮೊದಲು ಹೇಳುವ ಉಪಾಯ, ಸೀರೀಸ್‌ನಲ್ಲಿ ಒಂದು ದಪ್ಪ ರೆಸಿಸ್ಟರ್. ಮೋಟರಿಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ, ನಿಜ. ಆದರೆ ಇಳಿಯಬಾರದ ಹೊತ್ತಿಗೇ ಹೆಚ್ಚು ಇಳಿಯುತ್ತದೆ. ಕಾರು ಹೊರಡುವಾಗ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ರೆಸಿಸ್ಟರ್ ಆಗಲೇ ಜಾಸ್ತಿ ವೋಲ್ಟೇಜ್ ನುಂಗುತ್ತದೆ. ಕಾರು ಏಳುವುದೇ ಇಲ್ಲ. ಹೇಗೋ ಹೊರಟಿತು ಅಂದರೆ ಕರೆಂಟ್ ತಗ್ಗುತ್ತದೆ, ರೆಸಿಸ್ಟರಿನ ತಡೆಯೂ ಸಡಿಲವಾಗುತ್ತದೆ, ಕಾರು ಮತ್ತೆ ಓಡುತ್ತದೆ. ಮೇಲೆ ಬಿಸಿ ಬೇರೆ: 3 ಆಂಪ್ ಹೋಗುವಾಗ 3 ವೋಲ್ಟ್ ಇಳಿಸಿದರೆ 9 ವ್ಯಾಟ್ ಸುಮ್ನೆ ಶಾಖವಾಗಿ ಹೋಯಿತು. ಪ್ಲಾಸ್ಟಿಕ್ ಬಾಡಿಯೊಳಗೆ ಅದನ್ನು ಇಡುವುದಾದರೂ ಎಲ್ಲಿ?

ಆದ್ದರಿಂದ ವೋಲ್ಟೇಜ್ ಇಳಿಸುವುದು ಬೇಡ, ಕತ್ತರಿಸಿ ಕೊಡೋಣ. ಸೆಕೆಂಡಿಗೆ ನೂರಾರು ಸಲ ಪೂರ್ತಿ ಆನ್, ಪೂರ್ತಿ ಆಫ್. ಆನ್ ಇರುವ ಪಾಲು ಹೆಚ್ಚಾದರೆ ವೇಗ ಹೆಚ್ಚು. ಇದೇ ಪಿಡಬ್ಲ್ಯುಎಂ. ಇದಕ್ಕೆ 555 ಎಂಬ ಟೈಮರ್ ಐಸಿ ಸಾಕು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಈ ಐಸಿ ಇವತ್ತಿಗೂ ಅಗ್ಗ, ಇವತ್ತಿಗೂ ಸಿಗುತ್ತದೆ. 100 ಕಿಲೋ ಓಮ್ ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ರೆಸಿಸ್ಟರ್), ಅದರ ಎರಡು ಬದಿಗೆ 1 ಕಿಲೋ ಓಮ್, ಚಾರ್ಜಿಗೊಂದು ಡಿಸ್‌ಚಾರ್ಜಿಗೊಂದು 1ಎನ್4148 ಡಯೋಡ್. ಅದರ ಸರ್ಕ್ಯೂಟ್ ಎಲ್ಲ ಕಡೆ ಸಿಗುತ್ತದೆ, ಬರೆಯುತ್ತಾ ಕೂರುವುದಿಲ್ಲ.

ನಾನು ಹೇಳಬೇಕೆಂದಿರುವುದು ಅದಕ್ಕೂ ಮೊದಲಿನ ಕೆಲಸ. ಸೋಲ್ಡರಿಂಗ್ ಐರನ್ ಬಿಸಿಗೆ ಇಡುವ ಮೊದಲು ಚಕ್ರ ಹಿಡಿದು ನಿಲ್ಲಿಸಿ, ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ನೋಡಬೇಕು. ತಿರುಗುತ್ತಿರುವ ಮೋಟರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಬ್ಯಾಟರಿಯ ಕರೆಂಟನ್ನು ತಡೆಯುವುದು ಅದೇ. ನಿಂತ ಮೋಟರಿನಲ್ಲಿ ಆ ತಡೆ ಇಲ್ಲ, ಉಳಿಯುವುದು ವೈಂಡಿಂಗಿನ ತಂತಿ ಮಾತ್ರ. 0.6 ಓಮ್ ಇರುವ ವೈಂಡಿಂಗಿಗೆ 6 ವೋಲ್ಟ್ ಕೊಟ್ಟರೆ ಲೆಕ್ಕಕ್ಕೆ 10 ಆಂಪ್. ಅದೇ ಮೋಟರ್ ಆರಾಮವಾಗಿ ಓಡುವಾಗ 2-3 ಆಂಪ್ ತೋರಿಸಬಹುದು. ಆ ಚಿಕ್ಕ ಅಂಕಿ ನೋಡಿ ಬಿಡಿಭಾಗ ಆರಿಸಿದರೆ ಬೋರ್ಡ್ ಉಳಿಯುವುದಿಲ್ಲ. ಕಾರು ತೆಂಗಿನ ಬುಡಕ್ಕೆ ತಾಗಿ ನಿಂತರೂ ಮಗು ಕಾಲು ತೆಗೆಯುವುದಿಲ್ಲ, ಅಲ್ವಾ?

ಅಳೆಯುವಾಗ ಮೀಟರಿನ ಓಮ್ ರೇಂಜನ್ನು ನಂಬಬೇಡಿ. ಇಷ್ಟು ಕಡಿಮೆ ಓಮ್ ಇರುವಲ್ಲಿ ಮೀಟರಿನ ವಯರಿನ ರೆಸಿಸ್ಟೆನ್ಸೂ ಸೇರಿಕೊಳ್ಳುತ್ತದೆ. ಕ್ಲ್ಯಾಂಪ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಡಿಸಿ ತೋರಿಸುವುದೇ ಬೇಕು. ಅಗ್ಗದ ಹೆಚ್ಚಿನವು ಎಸಿ ಮಾತ್ರ ತೋರಿಸುತ್ತವೆ. ಒಂದೆರಡು ಸೆಕೆಂಡ್ ಹಿಡಿದರೆ ಸಾಕು. ಜಾಸ್ತಿ ಹೊತ್ತು ಹಿಡಿದರೆ ಬ್ರಷ್, ವೈಂಡಿಂಗ್ ಎರಡೂ ಬಿಸಿಯಾಗುತ್ತವೆ.

ಆ ಅಂಕಿ ಕೈಗೆ ಬಂದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ. 555 ಹೇಳಿದಂತೆ ಮೋಟರಿನ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚೇ ಮಾಸ್‌ಫೆಟ್, ಅದನ್ನು ತೆರೆಯುವ ಕಾಲು ಗೇಟ್. ಮಾಸ್‌ಫೆಟ್ ಅಂದರೆ ಎಲ್ಲರೂ ಐಆರ್‌ಎಫ್‌ಝಡ್44ಎನ್ ತರುತ್ತಾರೆ. 49 ಆಂಪ್ ಅಂತ ಬರೆದಿದೆ, ಸರಿ. ಆದರೆ ಅದು ಗೇಟಿಗೆ 10 ವೋಲ್ಟ್ ಸಿಕ್ಕಾಗಿನ ಮಾತು. 6 ವೋಲ್ಟ್ ಕಾರಿನಲ್ಲಿ ಅದು ಎಲ್ಲಿಂದ ಬರಬೇಕು? ಮಾಮೂಲಿ 555ರ ಔಟ್‌ಪುಟ್ ಸಪ್ಲೈಗಿಂತ ಒಂದೂವರೆ ವೋಲ್ಟಿನಷ್ಟು ಕೆಳಗೇ ನಿಲ್ಲುತ್ತದೆ. ಮಾಸ್‌ಫೆಟ್ ಅರ್ಧ ಮಾತ್ರ ತೆರೆದು ಬಿಸಿಯಾಗುತ್ತದೆ. ಅದಕ್ಕೇ 6 ವೋಲ್ಟ್ ಕಾರಿಗೆ ನಾನು ಐಆರ್‌ಎಲ್‌ಝಡ್44ಎನ್ ಹಾಕುತ್ತೇನೆ. ಗೇಟಿಗೆ 5 ವೋಲ್ಟ್ ಸಿಕ್ಕರೂ ಅದರ ಆನ್ ರೆಸಿಸ್ಟೆನ್ಸ್ 0.025 ಓಮ್ ಒಳಗೆ ಇರುತ್ತದೆ. 10 ಆಂಪ್ ಹೋದರೂ 2.5 ವ್ಯಾಟ್, ಸಣ್ಣ ಹೀಟ್ ಸಿಂಕ್ ಸಾಕು. 555ರ ಬದಲು ಅದರದೇ ಸಿಮಾಸ್ ರೂಪವಾದ 7555 ಹಾಕಿದರೆ ಗೇಟಿಗೆ ಹೆಚ್ಚುಕಡಿಮೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಸಿಗುತ್ತದೆ. ಗೇಟಿನಿಂದ ಮೈನಸ್ಸಿಗೆ 10 ಕಿಲೋ ಓಮ್ ಮರೆಯಬೇಡಿ. ಗೇಟಿನ ವಯರ್ ಬಿಟ್ಟರೆ ಕಾರು ತಾನಾಗಿ ಹೊರಡಬಾರದಲ್ಲ.

555ರದ್ದಲ್ಲದೆ ಮೋಟರಿನ ಕರೆಂಟಿಗೂ ಒಂದು ಡಯೋಡ್ ಬೇಕು, ಅದರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಾಸ್‌ಫೆಟ್ ಆಫ್ ಆದಾಗಲೂ ಮೋಟರಿನ ಕರೆಂಟ್ ತಟ್ಟನೆ ನಿಲ್ಲುವುದಿಲ್ಲ, ಡಯೋಡಿನ ಮೂಲಕ ಸುತ್ತುತ್ತದೆ. ಮೋಟರ್ ಎಳೆಯುವಷ್ಟೇ ಕರೆಂಟನ್ನು ಅದೂ ತಾಳಬೇಕು. 1ಎನ್4007 ಒಂದೇ ಆಂಪಿನದು, ನಿಧಾನದ್ದು ಬೇರೆ. 10 ಆಂಪಿನ ಶಾಟ್ಕಿ (ವೇಗದ ಡಯೋಡ್), ಎಂಬಿಆರ್1045 ಹಾಕಿ. ಅದಕ್ಕಿಂತ ಮುಖ್ಯ ಅದು ಕೂರುವ ಜಾಗ. ಚಿತ್ರಗಳಲ್ಲಿ ಮೋಟರಿನ ಎರಡು ಕಾಲಿಗೆ ನೇರ ಕೊಟ್ಟಿರುತ್ತಾರೆ. ಆದರೆ ಈ ಕಾರುಗಳಿಗೆ ರಿವರ್ಸ್ ಸ್ವಿಚ್ ಇರುತ್ತದೆ. ರಿವರ್ಸ್ ಹಾಕಿದರೆ ಮೋಟರಿನಲ್ಲಿ ಪ್ಲಸ್ ಮೈನಸ್ ಅದಲುಬದಲು, ಡಯೋಡ್ ನೇರ ಶಾರ್ಟ್. ಹಾಗಾಗಿ ಕಂಟ್ರೋಲರೂ ಡಯೋಡೂ ಬ್ಯಾಟರಿ ಮತ್ತು ರಿವರ್ಸ್ ಸ್ವಿಚ್ಚಿನ ನಡುವೆಯೇ ಇರಬೇಕು. ಮೋಟರಿನ ಕಾಲಿಗೆ 104 (ಅಂದರೆ 0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಮಾತ್ರ ಸಾಕು. ಅದಕ್ಕೆ ಪ್ಲಸ್ ಮೈನಸ್ ಇಲ್ಲ.

555ರ ಟೈಮಿಂಗ್ ಕೆಪಾಸಿಟರ್ 103 (0.01 ಮೈಕ್ರೋಫ್ಯಾರಡ್) ಹಾಕಿದರೆ ಸುಮಾರು 1400 ಹರ್ಟ್ಜ್ ಬರುತ್ತದೆ, ಮೋಟರ್ ಕುಂಯ್ ಅನ್ನುತ್ತದೆ. 104 ಹಾಕಿದರೆ 140ರ ಆಸುಪಾಸು. ಗುರ್ ಅನ್ನುವ ಸದ್ದು ಇರುತ್ತದೆ, ಆದರೆ ನಿಧಾನ ವೇಗದಲ್ಲೂ ಕಾರು ಚೆನ್ನಾಗಿ ಹೊರಡುತ್ತದೆ. ನನಗೆ ಅದೇ ಇಷ್ಟ.

ವೇಗದ ತಿರುಪನ್ನು ಹೊರಗೆ ಕೊಡುವುದಿಲ್ಲ. ಸೀಟಿನಡಿ ಪ್ರೀಸೆಟ್ ಇಡುತ್ತೇನೆ, ಸ್ಕ್ರೂಡ್ರೈವರ್ ಇಲ್ಲದೆ ತಿರುಗುವುದಿಲ್ಲ. ಮಗು ದೊಡ್ಡದಾದಂತೆ ಅಪ್ಪನೋ ಅಮ್ಮನೋ ಏರಿಸಿಕೊಳ್ಳಲಿ. ಫ್ಯೂಸ್ ಓಡುವ ಕರೆಂಟಿಗಿಂತ ಜಾಸ್ತಿ, ನಿಂತಾಗಿನದಕ್ಕಿಂತ ಕಡಿಮೆ ಇರಲಿ. ಮೇಲಿನ ಲೆಕ್ಕಕ್ಕೆ 7.5 ಆಂಪಿನ, ಕಾರು-ಬೈಕಿಗೆ ಹಾಕುವ ಚಪ್ಪಟೆ ಫ್ಯೂಸ್ ಸಾಕು. ಅದನ್ನು ಬೋರ್ಡಿನ ಹತ್ತಿರ ಅಲ್ಲ, ಬ್ಯಾಟರಿಯ ಪ್ಲಸ್ಸಿಗೆ ತಾಗಿಯೇ ಹಾಕಿ. ನಡುವಿನ ವಯರನ್ನು ಇಲಿ ಕಡಿದರೂ ಕರೆಂಟ್ ಅಲ್ಲೇ ಕಟ್ ಆಗಬೇಕು.