ತಾಯಿಯ ಸೂಜಿ, ಮಗಳ ಜೇಡ

ಕೋಲಾರ ಜಿಲ್ಲೆಯವರಾದ ನಮಗೆ ಶಿಲ್ಪಿ ಎಂದೊಡನೆ ನೆನಪಾಗುವುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಉಳಿಯ ಏಟು ಬಿದ್ದಲ್ಲೆಲ್ಲ ಬೂದುಬಣ್ಣ ತೋರುವ ಕೃಷ್ಣಶಿಲೆ, ಉಜ್ಜಿ ಎಣ್ಣೆ ಸವರಿದ ಮೇಲೆ ಕಪ್ಪಗೆ ಮಿರುಗುತ್ತದೆ. ವಿಗ್ರಹದ ಮುಖ, ಕೈ, ಆಯುಧಗಳೆಲ್ಲ ಅಂಗಾಂಗಗಳ ಅಳತೆಯನ್ನು ನಿಗದಿಪಡಿಸುವ ತಾಳಮಾನದ ಪ್ರಕಾರ ಮೂಡುತ್ತವೆಯೇ ಹೊರತು ಕೆತ್ತಿದವರ ಸ್ವಂತ ದುಃಖಕ್ಕೆ ಅಲ್ಲಿ ಜಾಗವಿಲ್ಲ. ಈ ಪರಂಪರೆಯನ್ನು ಗೌರವಿಸುತ್ತಲೇ ಬೆಳೆದ ನನಗೆ, ಬಾಲ್ಯದ ನೋವನ್ನೇ ಶಿಲ್ಪದ ವಸ್ತುವನ್ನಾಗಿ ಮಾಡಿಕೊಂಡ ಫ್ರೆಂಚ್-ಅಮೆರಿಕನ್ ಶಿಲ್ಪಿ ಲೂಯಿಸ್ ಬುರ್ಜ್ವಾ ಅವರ ಕೃತಿಗಳಲ್ಲಿ ಬೇರೆಯೇ ಬಗೆಯ ಧೈರ್ಯ ಕಂಡಿತು.

ಅವರು ಹುಟ್ಟಿದ್ದು 1911ರಲ್ಲಿ, ಪ್ಯಾರಿಸ್‌ನಲ್ಲಿ. ಗೋಡೆಗೆ ತೂಗುಹಾಕುವ ಹಳೆಯ ಚಿತ್ತಾರದ ನೇಯ್ಗೆಗಳನ್ನು ದುರಸ್ತಿ ಮಾಡುವುದು ಮನೆಯ ಕಸುಬು; ಕಾರ್ಯಾಗಾರವನ್ನು ನೋಡಿಕೊಳ್ಳುತ್ತಿದ್ದವರು ತಾಯಿ. ಕೆಳಗಿನ ಅಂಚು ಸವೆದು ಚಿತ್ರದಲ್ಲಿರುವವರ ಪಾದಗಳೇ ಕಾಣೆಯಾಗಿರುತ್ತಿದ್ದವು, ಆ ಪಾದಗಳನ್ನು ಬರೆದುಕೊಡುವ ಕೆಲಸ ಬಾಲಕಿ ಲೂಯಿಸ್‌ಗೆ ಬಂದಿತ್ತು. ಅದೇ ಮನೆಯಲ್ಲಿ, ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದ ಯುವತಿಯೊಂದಿಗೆ ತಂದೆ ವರ್ಷಗಟ್ಟಲೆ ಸಂಬಂಧವಿಟ್ಟುಕೊಂಡಿದ್ದರು. ತಾಯಿ ತಿಳಿದೂ ಸುಮ್ಮನಿದ್ದರು. 1932ರಲ್ಲಿ ತಾಯಿ ತೀರಿಕೊಂಡ ಮೇಲೆ, ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದ ಮಗಳು ಅದನ್ನು ಬಿಟ್ಟು ಕಲೆಯತ್ತ ತಿರುಗಿದರು. 1938ರಲ್ಲಿ ಮದುವೆಯಾಗಿ ನ್ಯೂಯಾರ್ಕ್ ಸೇರಿದರು.

1974ರ ‘ತಂದೆಯ ವಿನಾಶ’ ಎಂಬ ಕೃತಿ ಗವಿಯಂತಿದೆ. ಕೆಂಪು ಬೆಳಕಿನಲ್ಲಿ ಮೇಲೂ ಕೆಳಗೂ ಉಬ್ಬಿಕೊಂಡ ಉಂಡೆಗಳು, ನಡುವೆ ಊಟದ ಮೇಜಿನಂತಹ ಹಾಸು, ಅದರ ಮೇಲೆ ಮಾಂಸದ ಚೂರುಗಳಂತಹ ಆಕಾರಗಳು. ಊಟದ ಹೊತ್ತಿನಲ್ಲಿ ದರ್ಪ ತೋರುವ ತಂದೆಯನ್ನು ಮನೆಯವರೇ ಎಳೆದು ತಿಂದುಹಾಕುವ ಕಲ್ಪನೆ ಅದು. 1982ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಜೀವಮಾನದ ಕೃತಿಗಳ ಪ್ರದರ್ಶನ ಏರ್ಪಡಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮನ್ನಣೆ ಅಷ್ಟು ತಡವಾದದ್ದು ಅನ್ಯಾಯವೆಂದೇ ನನ್ನ ಭಾವನೆ.

ಅವರ ಬಗ್ಗೆ ಬರೆಯುವವರು ಬಹುಮಟ್ಟಿಗೆ ತಂದೆಯ ದ್ರೋಹವನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ತಾಯಿಯ ಸೂಜಿಯೇ ಹೆಚ್ಚು ಮುಖ್ಯವೆನಿಸುತ್ತದೆ. 1999ರಲ್ಲಿ ಅವರು ರೂಪಿಸಿದ ‘ಮಾಮಾನ್’ (ಫ್ರೆಂಚಿನಲ್ಲಿ ‘ಅಮ್ಮ’) ಒಂಬತ್ತು ಮೀಟರಿಗೂ ಎತ್ತರದ ಉಕ್ಕಿನ ಜೇಡ. ಹೊಟ್ಟೆಯ ಕೆಳಗಿನ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳಿವೆ. ಬಲೆ ಹರಿದರೆ ಜೇಡ ಸಿಟ್ಟಾಗುವುದಿಲ್ಲ, ಮತ್ತೆ ನೇಯುತ್ತದೆ ಎಂದು ಹೇಳುತ್ತಿದ್ದ ಅವರಿಗೆ ಅದು ತಾಯಿಯ ರೂಪವಾಗಿತ್ತು. ಹಬ್ಬ ಬಂತೆಂದರೆ ಪೊರಕೆ ಹಿಡಿದು ಜೇಡರ ಬಲೆ ತೆಗೆಯುವ ನಮ್ಮ ಮನೆಗಳಲ್ಲಿ ಆ ಜೀವಿಗೆ ಇಂತಹ ಗೌರವ ಯಾರೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಎಂಬತ್ತು ದಾಟಿದ ಮೇಲೆ ಅವರು ಜೋಪಾನವಾಗಿಟ್ಟಿದ್ದ ಹಳೆಯ ಉಡುಪುಗಳನ್ನೂ ಬಟ್ಟೆಗಳನ್ನೂ ಕತ್ತರಿಸಿ, ತುಂಡಿಗೆ ತುಂಡು ಸೇರಿಸಿ, ಹೊಲಿಗೆಗಳು ಎದ್ದು ಕಾಣುವಂತೆಯೇ ಮನುಷ್ಯರ ತಲೆಗಳನ್ನು ಮಾಡತೊಡಗಿದರು. 2010ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಕೆಲಸ ನಿಲ್ಲಿಸಲಿಲ್ಲ.